ಕಾಕುವಿನ ಪಾಲಿನ ನೀರು

ಅದು ತಾಮ್ರದ ತಂಬಿಗೆಯೋ ಸ್ಟೀಲಿನದೋ, ಆಣೆ ಮಾಡಿ ಹೇಳಲಾರೆ. ಈ ನಡುವೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಗಿಡಗಳಿಗೆ ಹಾಕುವ ಮುನ್ನ ಕಾಕು ಅದರೊಳಗಿನ ಬೋರಿನ ನೀರಿನಲ್ಲಿ ಬೆರಳದ್ದಿ, ನಾಲಿಗೆಗಿಟ್ಟು ಮುಖ ಕಿವುಚುತ್ತಿದ್ದದ್ದು ಖಂಡಿತ. "ಇವತ್ತ ಭಾಳ ಉಪ್ಪದ ನೋಡ್ರೆಪಾ," ಎಂದು ಗಿಡಗಳಿಗೇ ವರದಿ ಒಪ್ಪಿಸುತ್ತಿದ್ದಳು.

ಕಾಕು ಎಂದರೆ ನನ್ನ ಚಿಕ್ಕಪ್ಪನ, ಅಂದರೆ ಕಾಕಾನ, ಹೆಂಡತಿ. ಖರಾಡಿ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ನಲ್ಲಿಗೆ ಬರುತ್ತಿದ್ದದ್ದು ಬೋರಿನ ಸವಳು ನೀರು. ಕುಡಿಯಲು ಮಾತ್ರ ಕೊಂಡು ತರಿಸಿದ ಕ್ಯಾನ್ ನೀರು. ಬಾಲ್ಕನಿಯ ಕುಂಡಗಳ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿರುತ್ತಿತ್ತು. ಕಣಗಿಲೆ ಆ ನೀರನ್ನೇ ಕುಡಿದು ಹೂ ಬಿಡುತ್ತಿತ್ತು.

"ಹಳೇ ಎಲಿ ಉಪ್ಪು ತುಂಬಕೊಂಡು ಉದರತಾವ ಕಾಕು, ಅದಕ್ಕ ಚಿಗುರು ಉಳೀತದ," ಎಂದು ಸಸ್ಯಶಾಸ್ತ್ರ ಓದುತ್ತಿದ್ದ ನಾನು ಹೇಳಿದ್ದೆ.

"ಅಂದ್ರ ಎಲ್ಲಾರ ಮನ್ಯಾಗೂ ಒಬ್ಬಾಕಿ ಮುದುಕಿ ಬೇಕನ್ನು!" ಎಂದು ನಕ್ಕಿದ್ದಳು.

ಮಲ್ಲಿಗೆಗೆ ಆ ವಿದ್ಯೆ ಇರಲಿಲ್ಲ. ಅದು ಕಾಕು ತವರಿನಿಂದ ತಂದ ಬಳ್ಳಿ. ತವರಿನವರು ಯಾರೂ ಉಳಿದಿರಲಿಲ್ಲ. ಅದರ ಎಲೆಗಳ ಅಂಚು ಸುಟ್ಟಂತೆ ಕಂದುತ್ತಿತ್ತು. ಸಿಹಿನೀರಿಗೆ ದಿನಕ್ಕಿಷ್ಟು ಬೋರಿನ ನೀರು ಬೆರೆಸಿ ರೂಢಿ ಮಾಡಿಸಲು ನೋಡಿದಳು. "ಹೊಸಾ ಸೊಸಿಗೆ ಒಮ್ಮೆಲೇ ನಮ್ಮ ಖಾರ ತಡೀತದೇನು?" ಮಲ್ಲಿಗೆಗೆ ಕೊನೆಗೂ ರೂಢಿಯಾಗಲಿಲ್ಲ. ಕ್ಯಾನಿನ ನೀರನ್ನೇ ಹಾಕತೊಡಗಿದಳು.

ಆ ಬೇಸಿಗೆ ಕ್ಯಾನು ಸಿಗುವುದೇ ಕಷ್ಟವಾಯಿತು.

"ಗಿಡಕ್ಕ ಕ್ಯಾನ್ ನೀರು! ನಾಳೆ ಚಹಾನೂ ಕಾಸಿ ಕೊಡು," ಎಂದು ಕಾಕಾ ರೇಗಿದರು.

"ನನ್ನ ಪಾಲಿಂದು ಹಾಕ್ತೀನ್ರೀ. ನಿಮ್ಮ ಚಹಾಕ್ಕೇನೂ ಕಡಿಮಿ ಆಗಂಗಿಲ್ಲ."

ಎಲ್ಲರೂ ನಕ್ಕರು. ನಕ್ಕವರಲ್ಲಿ ನಾನೂ ಇದ್ದೆನೇ? ಇದ್ದೆ ಅನಿಸುತ್ತದೆ.

ಕಾಕುವಿಗೆ ಬಿ.ಪಿ. ಇತ್ತು, ಡಾಕ್ಟರು ಉಪ್ಪು ಬಿಡಿಸಿದ್ದರು. ತನ್ನ ಪಲ್ಯವನ್ನು ಸಪ್ಪಗೇ ತೆಗೆದಿಟ್ಟುಕೊಳ್ಳುತ್ತಿದ್ದಳು. ಆದರೂ ಮಳೆ ಹಿಡಿಯುವ ಮೊದಲೇ ಕಾಲು ಬಾತವು, ಕಿಡ್ನಿ ಸೋತಿತು. ಆಸ್ಪತ್ರೆಯಲ್ಲಿ ನಾನು ಕೊನೆಯ ಸಲ ಕಂಡಾಗ ಅವಳು ಕೇಳಿದ್ದು ಒಂದೇ: "ಮಲ್ಲಿಗಿ ಮೊಗ್ಗಾತೇನು?"

ಹೌದೆಂದರು ಕಾಕಾ. ಬಳ್ಳಿ ಆಗಲೇ ಒಣಗಿತ್ತು.

ಕಳೆದ ವಾರ ಖರಾಡಿಗೆ ಹೋಗಿದ್ದೆ. ಕಾಕಾ ಕಣಗಿಲೆಗೆ ನಲ್ಲಿಯ ನೀರು ಹಾಕುತ್ತಿದ್ದರು.

"ಕಾಕಾ, ಆ ಬ್ಯಾಸಿಗ್ಯಾಗ ಕಾಕು ಯಾವ ನೀರು ಕುಡೀತಿದ್ಳು?"

ಅವರು ಬಗ್ಗಿ, ಉದುರಿದ ಹಳದಿ ಎಲೆಗಳನ್ನು ಒಂದೊಂದಾಗಿ ಆಯತೊಡಗಿದರು.