ಖರ್ಜೂರದ ಗಾಡಿಯ ಅಕ್ಕ

ಕಲ್ಯಾಣದುರ್ಗದಲ್ಲಿ ನಾನು ದುಡಿದು ಕಟ್ಟಿದ ಪಂಚರ್ ಅಂಗಡಿಯ ಎದುರಿಗೇ ಅಕ್ಕನ ಖರ್ಜೂರದ ಗಾಡಿ ನಿಲ್ಲುತ್ತಿತ್ತು. ಅವಳಿಗೆ ಸಕ್ಕರೆ ಕಾಯಿಲೆ, ಮೇಲೆ ಸಿಹಿ ಮುಟ್ಟದಂತೆ ಮಗಳ ಕಾವಲು. ಹಳದಿ ಬಣ್ಣದ ಗಟ್ಟಿ ಕಾಯನ್ನಷ್ಟೇ ಒಂದು ಚೂರು ಕಡಿಯುತ್ತಿದ್ದಳು. "ಹಣ್ಣಾದ್ರೆ ಒಗರು ಹೋಗಿ ಸಕ್ಕರೆ ಏರ್ತದೆ ಕಣಪ್ಪ. ಹಳದಿ ನಂಗೆ, ಕಂದು ನಿಮಗೆ" ಎನ್ನುತ್ತಿದ್ದಳು.

ಒಂದು ದಿನ ಬಿಸಿಲಿಗೆ ಗಾಡಿಯಲ್ಲಿದ್ದುದೆಲ್ಲ ಕಂದಾಗಿ ಮೆತ್ತಗಾಯಿತು. ಅಂದೇ ಮಾರದಿದ್ದರೆ ಎಲ್ಲ ಹಾಳು. ಕುಂದುರ್ಪಿ ಬಸ್ಸಿಳಿದ ಹೆಂಗಸೊಬ್ಬಳು, "ಥೂ, ಕೊಳ್ತೋಗವೆ!" ಎಂದಳು.

"ಕೊಳ್ತಿದ್ರೆ ನಾನು ತಿಂತೀನಾ? ಚೂಡಮ್ಮಾ, ನೋಡಿಲ್ಲಿ!" ಎಂದವಳೇ ಅಕ್ಕ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡೇಬಿಟ್ಟಳು. ಕಣ್ಣು ಮುಚ್ಚಿ, ಬೆರಳು ನೆಕ್ಕಿದಳು. ಎಂಥಾ ಮುಖ ಅದು! ಜನ ಮುಗಿಬಿದ್ದರು, ಕೆಲಸ ಬಿಟ್ಟು ನಾನೂ ಓಡಿದೆ.

ಗಾಡಿ ಖಾಲಿಯಾದ ಮೇಲೆ ಅಕ್ಕ ಹತ್ತಿರ ಬಂದು, "ನನ್ ಮಗಳಿಗೆ ಹೇಳ್ಬುಟ್ಟೀಯ, ಹುಷಾರು!" ಎಂದಳು. ಅವಳ ತುಟಿಯಿನ್ನೂ ಅಂಟಂಟಾಗಿಯೇ ಇತ್ತು.