ಒರ್ಲೀನಾಳ ಹಾಡಿನ ಕೆಂಪು ಗಾಡಿ

ಒರ್ಲೀನಾ ಸ್ಟಿಡಮ್‌ಗೆ ಬಾಯಿ ದೊಡ್ಡದು. ಮುಷ್ಕರದ ಕಾಲದಲ್ಲಿ ನಮಗೆ ಅದೇ ಬೇಕಿತ್ತು. ಕೆಂಟಕಿಯ ನಮ್ಮ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ಗೇಟಿನ ಮುಂದೆ ಹೆಂಗಸರನ್ನು ಸಾಲುಗಟ್ಟಿಸಿ ನಿಲ್ಲಿಸಿದವಳು, ಪೊಲೀಸರು ಎಳೆದಾಡಿದಾಗ ರಸ್ತೆಯಲ್ಲೇ ಅಡ್ಡ ಮಲಗಿದವಳು ಅವಳೇ. ಚಳಿಗೆ ಬೆಂಕಿ ಹಾಕಿಕೊಂಡು ನಿಂತವರು ಮನೆ ಕಡೆ ಹೊರಡದ ಹಾಗೆ ಬ್ಯಾಂಜೊ ಎಂಬ ತಂತಿವಾದ್ಯ ಬಾರಿಸಿ ಹಾಡು ಕಟ್ಟುತ್ತಿದ್ದಳು. ಆಮೇಲೆ ಗಣಿ ಮುಚ್ಚಿತು, ಕಾರ್ಮಿಕ ಸಂಘ ಮಣ್ಣುಪಾಲಾಯಿತು. ನಾನು ಶಾಲೆಯ ಬಸ್ಸು ಓಡಿಸಲು ಸೇರಿದೆ. ಒರ್ಲೀನಾ ಬ್ಯಾಂಜೊ ಹೆಗಲಿಗೆ ಹಾಕಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ, ಮಕ್ಕಳ ಎದುರು ಹಾಡಿ ಇತಿಹಾಸ ಹೇಳತೊಡಗಿದಳು.

ಹಡಗು ಹತ್ತಿ ಬಂದವರ ಮಟ್ಟುಗಳು, ಹತ್ತಿ ಹೊಲದಲ್ಲಿ ಗುಲಾಮರು ಹಾಡಿಕೊಂಡದ್ದು, ರೈಲು ಹಳಿ ಹಾಸಿದವರ ಸುತ್ತಿಗೆ ಹಾಡು, ಕೊನೆಗೆ ನಮ್ಮ ಮುಷ್ಕರ. ಪಾಠದ ಪುಸ್ತಕದಲ್ಲಿ ನಮಗೆ ಒಂದು ಸಾಲಿನ ಜಾಗವೂ ಇಲ್ಲ.

"ಪುಸ್ತಕದಲ್ಲಿ ದೊಡ್ಡೋರು ಇರ್ತಾರೆ ಮಕ್ಳಾ, ಹಾಡಲ್ಲಿ ನಿಮ್ಮಜ್ಜಂದಿರು ಇರ್ತಾರೆ" ಎನ್ನುತ್ತಿದ್ದಳು. ಇದ್ದರು ಕೂಡ. ಮುಷ್ಕರ ಮುರಿದು ಒಳಗೆ ಹೋದವರ ಹೆಸರನ್ನೂ ಹಾಡಿನಲ್ಲಿ ಸೇರಿಸಿ ಊರ ಬಾಯಿಗೆ ಹಾಕುವುದು ನಮ್ಮ ರೂಢಿ. ಮಕ್ಕಳಿಗೆ ಬಹಳ ಇಷ್ಟವಾಗುತ್ತಿದ್ದ ಚರಣ ಇದು:

ವೆಸ್ಟರ್ ನೇಪಿಯರ್ ಗೇಟು ದಾಟಿದ, ಎಲ್ಲರೂ ಬಂದು ನೋಡಿ,
ಅಣ್ಣತಮ್ಮರ ರೊಟ್ಟಿಯ ಮಾರಿ ಕೊಂಡನು ಕೆಂಪು ಗಾಡಿ!

'ಗಾಡಿ' ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ದೂರದ ಪೇಟೆಗಳ ಶಾಲೆಗಳಲ್ಲಿ ವರ್ಷಗಟ್ಟಲೆ ಹೀಗೆ ತಟ್ಟಿಸಿದ್ದಳು. ಅಲ್ಲಿಯವರಿಗೆ ವೆಸ್ಟರ್ ನೇಪಿಯರ್ ಎಂದರೆ ತಾಳಕ್ಕೆ ಕೂಡುವ ಒಂದು ಹೆಸರು, ಅಷ್ಟೇ. ಆ ಮನುಷ್ಯ ಮಾತ್ರ ಮುಷ್ಕರದ ನಂತರ ನಮ್ಮ ಮುಖ ನೋಡಲಾರದೆ ಗುಡ್ಡದ ಆಚೆಗೆ ಮನೆ ಮಾಡಿದ್ದ. ಹೋದ ವರ್ಷ ಆಚೆಯ ಶಾಲೆ ಮುಚ್ಚಿ, ಅಲ್ಲಿನ ಮಕ್ಕಳನ್ನು ನಮ್ಮ ಕಣಿವೆಯ ಶಾಲೆಗೇ ತಂದು ಸೇರಿಸಿದರು. ಒರ್ಲೀನಾ ಅದನ್ನು ಯೋಚಿಸಲೇ ಇಲ್ಲ.

ಈ ವರ್ಷ ನಮ್ಮ ಶಾಲೆಯಲ್ಲಿ ಹಾಡಿದಾಗ ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಉಳಿದವರು ಅವಳ ಕಡೆ ತಿರುಗಿ ಕಿಸಕ್ಕೆನ್ನುತ್ತಿದ್ದರು. ಹುಡುಗಿಗೆ ತೂಕಡಿಕೆ ಬಂದಿದೆ ಎಂದುಕೊಂಡಳು ಒರ್ಲೀನಾ.

"ಏಯ್ ಪುಟ್ಟಿ, ನಿದ್ದೆಬುರುಕಿ! ನೀನೂ ತಟ್ಟೇ!"

ಹುಡುಗಿ ತಟ್ಟಿದಳು. ಅವಳು ಮಾರ್ಲಿ ನೇಪಿಯರ್, ವೆಸ್ಟರ್‌ನ ಮೊಮ್ಮಗಳು.

ಆ ಸಂಜೆ ಬಸ್ಸಿನ ತುಂಬ ಅದೇ ಹಾಡು. "ಮಾರ್ಲೀ, ನಮ್ಮ ಬಸ್ಸು ಯಾಕೆ ನಿಂಗೆ? ನಿಮ್ಮಜ್ಜನ ಕೆಂಪು ಗಾಡೀಲಿ ಹೋಗ್ಬಾರ್ದಾ?" ಎಂದ ಒಬ್ಬ. ನಾನು ಗದರಿದೆ. ಬಾಯಿ ಮುಚ್ಚಿ, ಅದನ್ನೇ ಗುನುಗಲು ಶುರು ಮಾಡಿದರು. ಮರುದಿನದಿಂದ ಮಾರ್ಲಿ ಬಸ್ಸಿಗೆ ಬರಲಿಲ್ಲ.

ಒರ್ಲೀನಾಳ ಅಡುಗೆಮನೆಯಲ್ಲಿ ಕೂತು ಇದನ್ನು ಹೇಳಿದೆ. ಮೆಕ್ಕೆಜೋಳದ ರೊಟ್ಟಿ ಒಲೆಯಲ್ಲೇ ಸೀದುಹೋಯಿತು, ಅವಳು ಏಳಲಿಲ್ಲ.

"ನಾನೇ ಅವಳ ಕೈಲಿ ತಟ್ಟಿಸ್ದೆ ಕಣೋ."

"ಹೌದು, ತಟ್ಟಿಸ್ದೆ."

"ಮುಂದಿನ ವಾರ ಮತ್ತೆ ಅದೇ ಶಾಲೇಲಿ ಹಾಡೋದಿದೆ. ಆ ಚರಣ ಬಿಟ್ಬಿಡ್ತೀನಿ."

"ನೀನು ಬಿಟ್ಟರೆ ಹುಡುಗರು ಬಿಡ್ತಾರೇನೆ? ಆ ಮಗು ಶಾಲೆನೇ ಬಿಟ್ಟು ಕೂತಿದೆ."

ಇಬ್ಬರೂ ಗುಡ್ಡದ ಆಚೆಗೆ ಹೋದೆವು. ವೆಸ್ಟರ್ ಜಗಲಿಯಲ್ಲಿ ಕೂತು ಬೀನ್ಸ್ ನಾರು ಬಿಡಿಸುತ್ತಿದ್ದ. ಏಳಲಿಲ್ಲ, ಕುರ್ಚಿಯನ್ನೂ ತೋರಿಸಲಿಲ್ಲ.

"ಏನಮ್ಮ ಒರ್ಲೀನಾ, ಹೊಸ ಚರಣಕ್ಕೆ ಸರಕು ಬೇಕಿತ್ತಾ?"

"ತಪ್ಪಾಯ್ತು ವೆಸ್ಟರ್. ನಿನ್ನ ಹೆಸರು ತೆಗೆದುಬಿಡ್ತೀನಿ."

"ಯಾಕೆ ತೆಗೀತೀಯ? ದಾಟಿದ್ದು ನಾನೇ ತಾನೆ? ಮಾರ್ಲಿಗೆ ಅದನ್ನ ನಾನೇ ಹೇಳಿದೀನಿ. ಹೆದರಿದ್ದೆ, ಸಾಕಾಗಿತ್ತು, ದಾಟ್ದೆ. ಹೆಂಡ್ತಿಗೆ ಕಾಯಿಲೆ ಇತ್ತು, ಮಗೂಗೆ ಜ್ವರ ಇತ್ತು ಅಂತೆಲ್ಲ ಕಥೆ ಹೊಡೆಯೋನಲ್ಲ ನಾನು." ನಾರು ಎಳೆದು ಅಂಗಳಕ್ಕೆ ಎಸೆದ. "ಆದ್ರೆ ಗಾಡಿ ಎಲ್ಲಿತ್ತಮ್ಮ?"

ಒರ್ಲೀನಾ ಜಗಲಿಯ ಮೆಟ್ಟಿಲ ಮೇಲೆ ಕೂತಳು.

"ನಡ್ಕೊಂಡು ಬಂದೆ ಅವತ್ತು. ನೀವು ಎರಡೂ ಕಡೆ ನಿಂತು ಉಗೀತಿದ್ರಿ. ಗಾಡಿ ಇದ್ದಿದ್ರೆ ಗಾಜು ಏರಿಸ್ಕೊಂಡು ಹೋಗ್ತಿದ್ನಲ್ಲ! ಇವತ್ತು ಆ ಮಗು ಕೇಳುತ್ತೆ, ಗಾಡಿ ಏನಾಯ್ತು ತಾತ, ಮಾರ್ಬಿಟ್ಯಾ ಅಂತ. ಏನು ಹೇಳ್ಲಿ?"

ನನ್ನ ನೆನಪಿನಲ್ಲಿ ಆ ಗಾಡಿ ಇದೆ. ಅದರ ಬಾನೆಟ್ಟಿಗೆ ಗುದ್ದಿ ನನ್ನ ಕೈ ನೊಂದದ್ದೂ ನೆನಪಿದೆ. ಹಾಡಿ ಹಾಡಿ, ಇಲ್ಲದ ಗಾಡಿಯನ್ನು ನಮ್ಮ ತಲೆಯೊಳಗೆ ನಿಲ್ಲಿಸಿಬಿಟ್ಟಿದ್ದೆವು.

"ಗೇಟು ಇರಲಿ, ಗಾಡಿ ತೆಗಿ" ಎಂದ ವೆಸ್ಟರ್. "ನಾಳೆಯಿಂದ ಹುಡುಗೀನ ಕಳಿಸ್ತೀನಿ. ಅವಳ ಎದುರಿಗೇ ತೆಗಿ."

ವಾಪಸು ಬರುವಾಗ ಒರ್ಲೀನಾ ಕಿಟಕಿಯಾಚೆ ನೋಡುತ್ತ ಹೇಳಿದಳು: "ನಂಗೆ ಗೊತ್ತಿತ್ತು ಕಣೋ. 'ನೋಡಿ'ಗೆ ಜೊತೆ ಬೇಕಿತ್ತು, 'ಗಾಡಿ' ಬಾಯಿಗೆ ಬಂತು. ಎಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಬದಲಾಯಿಸೋಣ ಅಂದ್ಕೊಂಡೆ. ನಗೋರ ಮುಂದೆ ಯಾರು ಬದಲಾಯಿಸ್ತಾರೆ?"

ಮುಂದಿನ ವಾರ ಮಾರ್ಲಿ ಅದೇ ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ಒರ್ಲೀನಾ ಹಾಡಿದಳು: "ವೆಸ್ಟರ್ ನೇಪಿಯರ್ ಗೇಟು ದಾಟಿದ, ಎಲ್ಲರೂ ಬಂದು ನೋಡಿ, ಹೆದರಿದ್ದ, ಸಾಕಾಗಿತ್ತು, ನಡೆದುಕೊಂಡೇ ಬಂದ..." ಅವಳು ಮುಗಿಸುವ ಮೊದಲೇ ಮಕ್ಕಳು "ಕೆಂಪು ಗಾಡಿ!" ಎಂದು ಕೂಗಿ ಚಪ್ಪಾಳೆ ತಟ್ಟಿದರು.

ಅವಳು ತಂತಿಗಳ ಮೇಲೆ ಅಂಗೈ ಒತ್ತಿದಳು. "ಗಾಡಿ ಇರ್ಲಿಲ್ಲ. ಅದು ನಾನು ಹೇಳಿದ ಸುಳ್ಳು."

"ಸುಳ್ಳು ಯಾಕೆ ಹೇಳಿದ್ರಿ ಮಿಸ್?" ಎಂದಳು ಒಬ್ಬಳು.

"ಕೇಳೋಕೆ ಚೆನ್ನಾಗಿತ್ತು."

"ಹೊಸದು ಚೆನ್ನಾಗಿಲ್ಲ ಮಿಸ್. ಕುಂಟುತ್ತೆ."

"ಕುಂಟುತ್ತೆ, ಗೊತ್ತು" ಎಂದು ಮತ್ತೆ ಅದನ್ನೇ ಹಾಡಿದಳು. ಈ ಸಲ ಯಾರೂ ತಟ್ಟಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಹಳೆಯ ಚರಣವೇ ಶುರುವಾಯಿತು. ನಾನು ಗದರುವ ಮೊದಲೇ ಮಾರ್ಲಿ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿ ಅರಚಿದಳು: "ನಡ್ಕೊಂಡು ಹೋಗಿದ್ದು ಕಣ್ರೋ, ಕಿವುಡರಾ! ನಡ್ಕೊಂಡು!" ಅವರು ಹಾಡುವುದನ್ನು ಬಿಡಲಿಲ್ಲ. ಅವಳೂ ಅರಚುವುದನ್ನು ಬಿಡಲಿಲ್ಲ. ಈಗ ಅದು ದಿನದ ಜಗಳ.

ಬಸ್ಸು ತನ್ನ ಮನೆ ಮುಂದೆ ಹಾಯುವ ಹೊತ್ತಿಗೆ ಒರ್ಲೀನಾ ರಸ್ತೆ ಪಕ್ಕಕ್ಕೆ ಬಂದು ನಿಂತಿರುತ್ತಾಳೆ. ಮಕ್ಕಳೆಲ್ಲ ಇಳಿದು ಬಸ್ಸು ಖಾಲಿಯಾಗಿರುತ್ತದೆ. ನಾನು ಗಾಜು ಇಳಿಸುತ್ತೇನೆ.

"ಇವತ್ತು ಏನು ಹಾಡಿದ್ರು?"

"ಗಾಡಿ ಇನ್ನೂ ಓಡ್ತಿದೆ."

ಸಮಾಧಾನದ ಮಾತು ಅವಳು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. "ನಾಳೆ ಬೇರೆ ಶಾಲೆ, ಅಲ್ಲೂ ಗಾಡಿ ತೆಗೀಬೇಕು" ಎಂದು ಬ್ಯಾಂಜೊ ಶ್ರುತಿ ಮಾಡಲು ಒಳಗೆ ಹೋಗುತ್ತಾಳೆ.