ಶರಣಕ್ಕನ ಸ್ಕೂಟರ್

ಶರಣಕ್ಕನಷ್ಟು ಅಂಜುವ ಹೆಣ್ಣುಮಗಳು ಸ್ಕೂಟರ್ ಓಡಿಸುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಗಾಡಿ ಚಾಲೂ ಮಾಡುವ ಮುಂಚೆ ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡು, "ಬಸವಾ, ಬಸವಾ" ಎನ್ನುವರು. ಎದುರಿಗೆ ಎಮ್ಮೆ ಬಂದರೂ ಕಾಲೂರಿ ನಿಂತು ಅದಕ್ಕೆ ದಾರಿ ಬಿಡುವರು. ಆದರೂ ಬಸ್ಸು ಹತ್ತುತ್ತಿರಲಿಲ್ಲ. "ಬಸ್ಸಿನ್ಯಾಗ ಮತ್ತೊಬ್ಬರ ಕೈಯಾಗ ಜೀವ ಕೊಟ್ಟು ಕುಂದರಬೇಕವಾ. ಇದರಾಗ ನನ್ನ ಕೈಯಾಗ ಇರತೈತಿ" ಎನ್ನುವರು.

ನಾವಿಬ್ಬರೂ ಸಿಂಧನೂರಿನಿಂದ ಸಾಲಗುಂದದ ಕಡೆಯ ಶಾಲೆಗೆ ಹೋಗುತ್ತಿದ್ದ ಟೀಚರುಗಳು. ಅವರು ಕನ್ನಡ, ನಾನು ಗಣಿತ. ದಿನಾ ಅವರ ಹಿಂದೆ ಕೂಡುತ್ತಿದ್ದವಳು ನಾನೇ.

ಕಾಲುವೆ ದಂಡೆಯ ಮೇಲೆ ನಾಯಿಗಳ ಕಾಟ ವಿಪರೀತ. ಒಮ್ಮೆ ಒಂದು ನಾಯಿ ಅವರ ಸೀರೆಯಂಚು ಕಚ್ಚಿ ಜಗ್ಗಿ, ಇಬ್ಬರೂ ಭತ್ತದ ಗದ್ದೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಮರುವಾರವೇ ಶರಣಕ್ಕ ಗಾಡಿಗೆ ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸಿದರು.

ಮೆಕ್ಯಾನಿಕ್ ಮಹಬೂಬ ಆಗಲೇ ಹೇಳಿದ್ದ: "ಅಕ್ಕಾರ, ಇದರಾಗ ಹೊಗಿ ಸರಾಗ ಹೊರಗ ಹೊಕ್ಕೈತಿ, ಇಂಜಿನ್ ಗಾಳಿ ಹೆಚ್ಚ ಎಳಕೊಂತೈತ್ರಿ. ಪೆಟ್ರೋಲ್ ಮಾತ್ರ ಮೊದಲಿನಷ್ಟ ಬರತೈತಿ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಹೆಚ್ಚ ಬರಂಗ ಟ್ಯೂನಿಂಗ್ ಮಾಡಬೇಕು. ಒಂದಿನ ಗಾಡಿ ಬಿಟ್ಟ ಹೋಗ್ರಿ."

"ಹುಡುಗರ ಪರೀಕ್ಷಿ ನಡದಾವಪ್ಪಾ. ಮುಗದ ಮ್ಯಾಲೆ ತರತೀನಿ."

ನಾಯಿಗಳೇನೋ ಓಡಿದವು. ಆದರೆ ಎಕ್ಸಿಲೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದಂತಾಗುತ್ತಿತ್ತು. ನಾನು ಬೆಚ್ಚಿ ಅವರ ಸೊಂಟ ಹಿಡಿಯುತ್ತಿದ್ದೆ, ಅವರು ನನಗಿಂತ ಹೆಚ್ಚು ಬೆಚ್ಚುತ್ತಿದ್ದರು. "ನಾಯಿಗಿಂತ ನಮ್ಮ ಗಾಡಿಗೇ ಹೆಚ್ಚ ಅಂಜಾಕತ್ತೀನಲೇ ನೀಲಾ!" ಬರಬರುತ್ತ ಇನ್ನೊಂದು ರೋಗ ಹತ್ತಿತು. ಒಮ್ಮೆಲೇ ಎಕ್ಸಿಲೇಟರ್ ತಿರುವಿದರೆ ಇಂಜಿನ್ ಉಸಿರು ಕಟ್ಟಿದಂತೆ ಗಕ್ಕನೆ ತಡೆಯುವುದು, ಆಮೇಲೆ ಎಳೆಯುವುದು.

ಪರೀಕ್ಷೆಯ ಕೊನೆಯ ದಿನ ವಾಪಸು ಬರುವಾಗ ಮಸ್ಕಿ ರಸ್ತೆ ದಾಟಬೇಕಿತ್ತು. ಶರಣಕ್ಕ ಎರಡೂ ಕಡೆ ಎರಡೆರಡು ಸಲ ನೋಡಿದರು. ಭತ್ತದ ಲಾರಿಯೊಂದು ದೂರದಲ್ಲಿತ್ತು. ಎಕ್ಸಿಲೇಟರ್ ತಿರುವಿದರು. ರಸ್ತೆಯ ನಟ್ಟನಡುವೆ ಇಂಜಿನ್ ಕೆಮ್ಮಿ ಬಂದ್ ಆಯಿತು.

ಬಟನ್ ಒತ್ತಿದರೆ ಕಿರ್ ಕಿರ್ ಎಂಬ ಸದ್ದಷ್ಟೆ. ಲಾರಿಯ ಹಾರ್ನ್ ಹತ್ತಿರವಾಗುತ್ತಲೇ ಬಂತು.

"ಇಳಿ ನೀಲಾ! ಇಳಿದು ಓಡು!"

ಇಳಿಯಬೇಕೆಂದು ನನಗೆ ಗೊತ್ತು. ಆದರೆ ಕಾಲುಗಳು ನನ್ನವೇ ಅಲ್ಲವೇನೋ ಎಂಬಂತೆ ಮರಗಟ್ಟಿದ್ದವು. ಶರಣಕ್ಕ ಒಮ್ಮೆ ಹಿಂದೆ ತಿರುಗಿ ನನ್ನ ಮುಖ ನೋಡಿದರು. ಮತ್ತೆ ಇಳಿ ಎನ್ನಲಿಲ್ಲ. ಎರಡೂ ಕಾಲು ಡಾಂಬರಿಗೆ ಒತ್ತಿ, ಸೀರೆ ಮೊಣಕಾಲಿಗೇರಿದರೂ ಲೆಕ್ಕಿಸದೆ, ನನ್ನನ್ನೂ ಗಾಡಿಯನ್ನೂ ಕೂಡಿಯೇ ತಳ್ಳತೊಡಗಿದರು. ಲಾರಿ ಪಕ್ಕಕ್ಕೆ ಸರಿದು ಹಾಯ್ದುಹೋಯಿತು. ಅದಕ್ಕೆ ಕಟ್ಟಿದ್ದ ಹಗ್ಗದ ತುದಿ ನನ್ನ ತೋಳಿಗೆ ಬಾರಿಸಿತು. ಭತ್ತದ ಧೂಳು ಮೈಮೇಲೆ ಸುರಿಯಿತು.

ಆಚೆ ದಡ ಮುಟ್ಟಿದ ಮೇಲೂ ಅವರ ಕೈ ಹ್ಯಾಂಡಲ್ ಬಿಡಲಿಲ್ಲ. ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

"ನೀವರ ಜಿಗಿಬೇಕಿತ್ತಲ್ರಿ ಅಕ್ಕಾರ" ಎಂದೆ.

"ನೀ ಹಿಂದ ಕುಂತಿದ್ದ್ಯಲ್ಲಾ" ಎಂದರು. ಆಮೇಲೆ ರಸ್ತೆ ಪಕ್ಕದಲ್ಲೇ ಕುಳಿತು ಅತ್ತರು.

ಗಾಡಿ ತಳ್ಳಿಕೊಂಡು ಒಯ್ದಾಗ ಮಹಬೂಬ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ. ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. "ಪೆಟ್ರೋಲ್ ಸಾಲದಕ್ಕ ಇಂಜಿನ್ ಕಾದೈತ್ರಿ. ಈಗರ ಟ್ಯೂನಿಂಗ್ ಮಾಡ್ಲೇನ್ರಿ?"

"ಬ್ಯಾಡಪ್ಪಾ. ಹಳೇ ಸೈಲೆನ್ಸರ್ ಹಾಕು. ನಾಯಿ ಬಂದ್ರ ಬರಲಿ."

ಅವರು ಮರುದಿನವೂ ಸ್ಕೂಟರಿನಲ್ಲೇ ಶಾಲೆಗೆ ಬಂದರು. ನಾನು ಬಸ್ಸು ಹಿಡಿದೆ. ಇವತ್ತಿಗೂ ಹಾರ್ನ್ ಕೇಳಿದರೆ ನನ್ನ ತೋಳು ಜುಮ್ಮೆನ್ನುತ್ತದೆ.

ಮುಂದೆ ಅವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಕಡೆಯ ಸಲ ಸಿಕ್ಕಿದ್ದು ಮಸ್ಕಿ ಬಸ್ ನಿಲ್ದಾಣದ ಹೊರಗೆ. ಅದೇ ಸ್ಕೂಟರ್.

"ಈಗೂ ಅಂಜಿಕಿ ಬರತೈತೇನ್ರಿ?"

"ಆ ಲಾರಿ ದಿನಾ ಬರತೈತವಾ" ಎಂದು ನಕ್ಕರು. "ಬರತೈತಿ, ಹೊಕ್ಕೈತಿ. ನಾ ಶಾಲಿ ಮುಟ್ಟತೀನಿ."

ಆ ಮಳೆಗಾಲದಲ್ಲಿ ಅವರ ಮಗಳ ಫೋನ್ ಬಂತು. "ಅವ್ವ ಹೋದಳ್ರಿ" ಎಂದಳಷ್ಟೆ, ನನ್ನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: "ಯಾವ ರೋಡಿನ್ಯಾಗವಾ?"



"ರೋಡಿನ್ಯಾಗ ಅಲ್ರೀ ಟೀಚರ್. ಮನ್ಯಾಗ, ಮಲಗಿದಲ್ಲೇ."